ಪಾಳಿಯಲ್ಲಿ ಬಂದ ಸ್ಕೂಟಿ

ಪಂಚಾಯತಿ ಮೆಂಬರ್ ಆಗಿದ್ದ ಅವಧಿಯಲ್ಲಿ ನೀವು ಅತಿ ಹೆಚ್ಚು ಸಲ ಆಡಿದ ಮಾತು ಯಾವುದು ಎಂದು ಯಾರಾದರೂ ಕೇಳಿದರೆ ನಾನು ಯೋಚಿಸಬೇಕಾಗಿಲ್ಲ. ‘ಯಾರದ್ದಾದರೂ ತಕರಾರು ಇದೆಯಾ?’ ಶಾಲೆಯ ದೊಡ್ಡ ಕೋಣೆಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂತು, ಎದುರಿಗೆ ಚಾಪೆಯ ಮೇಲೆ ಕೂತ ವಾರ್ಡಿನವರನ್ನು ನೋಡುತ್ತ ಒಂದೊಂದು ವಿಷಯಕ್ಕೂ ಇದನ್ನು ಕೇಳುತ್ತಿದ್ದೆ. ಯಾರೂ ಏನೂ ಹೇಳುತ್ತಿರಲಿಲ್ಲ. ಫ್ಯಾನು ಕಟಕಟ ಅನ್ನುತ್ತಿತ್ತು. ಯಾರೋ ಒಬ್ಬಳು ಮಗುವಿನ ಮೂಗು ಒರೆಸುತ್ತಿದ್ದಳು. ಆಮೇಲೆ ಕೈಗಳು ಮೇಲೇಳುತ್ತಿದ್ದವು, ಚಹಾ ಬರುತ್ತಿತ್ತು, ಸಭೆ ಮುಗಿಯುತ್ತಿತ್ತು. ಮನೆಗೆ ಬಂದು ಜಗಲಿಯ ಮೇಲೆ ಕಾಲು ಚಾಚಿದರೆ ಇಡೀ ದಿನ ಮೀನಿನ ಬುಟ್ಟಿ ಹೊತ್ತವಳಷ್ಟು ಸುಸ್ತು. ಕೂತು ಕೂತೇ ಬರುವ ಈ ಸುಸ್ತು ಎಂಥದೋ, ನನಗೆ ಇವತ್ತಿಗೂ ತಿಳಿದಿಲ್ಲ.

ನಮ್ಮ ಅಪ್ಪನ ಕಾಲದಲ್ಲಿ ಸರ್ಕಾರದ್ದು ಏನೇ ಬೇಕಾದರೂ ಕಾರವಾರಕ್ಕೆ ಹೋಗಬೇಕಿತ್ತು. ಅಜ್ಜಿಯ ವಿಧವಾ ವೇತನಕ್ಕೆ ಅಪ್ಪ ಅವಳನ್ನು ಕರೆದುಕೊಂಡು ಎಷ್ಟು ಸಲ ಆ ಕಚೇರಿಯ ಮೆಟ್ಟಿಲು ಹತ್ತಿದನೋ ದೇವರಿಗೇ ಗೊತ್ತು. ಇವತ್ತು ಸಾಹೇಬರಿಲ್ಲ, ನಾಳೆ ಬಾ. ನಾಳೆ ಹೋದರೆ ಸಾಹೇಬರು ಮೀಟಿಂಗಿನಲ್ಲಿ. ತಿರುಗಿ ಬರುವ ಬಸ್ಸಿನಲ್ಲಿ ಅಪ್ಪ ಬೈಯಲು ಶುರು ಮಾಡಿದರೆ ಅರ್ಧ ಕೊಂಕಣಿಯಲ್ಲಿ, ಅರ್ಧ ಕನ್ನಡದಲ್ಲಿ ಬೈಯುತ್ತಿದ್ದ. ಬಿಣಗಾ ಬರುವುದರೊಳಗೆ ಬಸ್ಸಿನ ಅರ್ಧ ಜನ ಅವನ ಜೊತೆ ಸೇರಿರುತ್ತಿದ್ದರು. ಎಲ್ಲರಿಗೂ ಒಬ್ಬೊಬ್ಬ ಸಾಹೇಬ ಇದ್ದ. ಅಜ್ಜಿ ಮಾತ್ರ ಕಿಟಕಿಗೆ ತಲೆಯಿಟ್ಟು ನಿದ್ದೆ ಮಾಡುತ್ತಿದ್ದಳು. ವೇತನ ಸಿಕ್ಕಿದ್ದು ಅವಳು ಸಾಯುವ ಸ್ವಲ್ಪ ಮೊದಲು. ಆ ಕಾಲ ಒಳ್ಳೆಯದಿತ್ತು ಎಂದು ನಾನು ಹೇಳುವುದಿಲ್ಲ, ಖಂಡಿತ ಹೇಳುವುದಿಲ್ಲ. ಆದರೆ ಬಾಯಿತುಂಬ ಬೈಯಬಹುದಿತ್ತು. ಬೈಸಿಕೊಳ್ಳುವವನು ನಮ್ಮ ಬಾವಿಯ ನೀರು ಸೇದುವವನಾಗಿರಲಿಲ್ಲ.

ಈಗ ಎಲ್ಲ ಊರಿಗೇ ಬಂದಿದೆ. ಮೆಂಬರ್ ಆದ ಹೊಸತರಲ್ಲಿ ಅಂಕೋಲೆಯಲ್ಲಿ ನಮಗೊಂದು ತರಬೇತಿ ಇಟ್ಟಿದ್ದರು. ತರಬೇತಿ ಕೊಡುವವರು ಬೋರ್ಡಿನ ಮೇಲೆ ದೊಡ್ಡ ವೃತ್ತ ಬರೆದು ಮಧ್ಯದಲ್ಲಿ ‘ಜನ’ ಎಂದು ಬರೆದರು. ಯಾರಿಗೆ ಏನು ಕಷ್ಟ ಎಂಬುದು ಊರಿನವರಿಗೇ ಗೊತ್ತು, ಆದ್ದರಿಂದ ಊರಿನವರೇ ಆರಿಸಬೇಕು, ಎಲ್ಲರ ಕಣ್ಣೆದುರು ಆರಿಸಿದರೆ ಮೋಸ ನಡೆಯುವುದಿಲ್ಲ, ಜನರೇ ಕಾವಲುಗಾರರು ಎಂದರು. ಕೇಳಲು ಬಹಳ ಚೆನ್ನಾಗಿತ್ತು. ನಾನು ತಲೆಯಾಡಿಸಿದ್ದೇ ಆಡಿಸಿದ್ದು. ಮಧ್ಯಾಹ್ನದ ಊಟವೂ ಚೆನ್ನಾಗಿತ್ತು.

ನಾನು ಮೆಂಬರ್ ಆದ ಕತೆಯನ್ನೂ ಹೇಳಿಬಿಡುತ್ತೇನೆ. ಬೈತಖೋಲ ಬಂದರಿನ ಒಂದು ಐಸ್ ಫ್ಯಾಕ್ಟರಿಯ ಕಚೇರಿಯಲ್ಲಿ ನಾನು ಬಹಳ ವರ್ಷ ಬಿಲ್ಲು ಬರೆಯುವ ಕೆಲಸ ಮಾಡಿದವಳು. ಮೊಣಕಾಲು ನೋವು ಶುರುವಾದ ಮೇಲೆ ಬಿಟ್ಟು ಮನೆಯಲ್ಲಿದ್ದೆ. ಒಂದು ಸಂಜೆ ನಮ್ಮ ಊರಿನ ಯಜಮಾನರು, ನಾವೆಲ್ಲ ಕಾಕಾ ಎಂದು ಕರೆಯುವ ಹಿರಿಯರು, ಜಗಲಿಗೆ ಬಂದು ಕೂತರು.

“ಸೀಟು ಈ ಸಲ ಹೆಂಗಸರಿಗೆ ಬಂತು ತಂಗೀ. ಪಾಳಿ ನಿಮ್ಮ ಕೇರೀದು. ನಿಮ್ಮ ಕೇರೀಲಿ ನಾಕಕ್ಷರ ಕಲ್ತವಳು ನೀನೇ. ಮತ್ತೆ ಯಾರೂ ನಿಲ್ಲೂದಿಲ್ಲ, ನಾ ಹೇಳಿದ್ದೆ.”

ನನ್ನ ಗಂಡ ಒಳಗಿನಿಂದಲೇ, “ಮೊದಲು ಮನೇಲಿ ಯಾರೂ ಇವಳ ಎದುರು ನಿಲ್ತಿರಲಿಲ್ಲ, ಈಗ ಊರಲ್ಲೂ ಇಲ್ಲ” ಎಂದ. ಕಾಕಾ ಹೊಟ್ಟೆ ಹಿಡಿದು ನಕ್ಕರು. ಹೀಗೆ ನಾನು ಅವಿರೋಧವಾಗಿ ಆರಿಸಿ ಬಂದೆ.

ಪಾಳಿ ಎಂದರೆ ಏನೆಂದು ಹೊರಗಿನವರಿಗೆ ತಿಳಿಯಬೇಕಾದರೆ ನಮ್ಮ ದಂಡೆಯ ಮೇಲೆ ಬಲೆ ಎಳೆಯುವುದನ್ನು ನೋಡಬೇಕು. ಏಂಡಿ ಬಲೆ ಅನ್ನುತ್ತೇವೆ. ದೋಣಿಯವರು ಸಮುದ್ರದಲ್ಲಿ ಬಲೆ ಬಿಟ್ಟು ಹಗ್ಗದ ಎರಡು ತುದಿಗಳನ್ನು ದಂಡೆಗೆ ತರುತ್ತಾರೆ. ಗಂಡಸರು, ಹೆಂಗಸರು, ಶಾಲೆ ತಪ್ಪಿಸಿದ ಮಕ್ಕಳು ಎಲ್ಲರೂ ಸೇರಿ ಎಳೆಯುವುದು. ಹಗ್ಗ ಮುಟ್ಟಿದವರಿಗೆಲ್ಲ ಪಾಲು. ನಾಲ್ಕು ಕೇರಿಯವರೂ ಇರುವುದರಿಂದ ಯಾವ ಕೇರಿಯವರು ಮೊದಲು ಪಾಲು ಎತ್ತಬೇಕು, ಯಾರು ಹಗ್ಗದ ತುದಿ ಹಿಡಿಯಬೇಕು ಎಲ್ಲಕ್ಕೂ ಪಾಳಿ ಇದೆ. ಇವತ್ತು ಬಂಗಡೆ ಬಿದ್ದರೆ ಅವರ ಅದೃಷ್ಟ, ನಾಳೆ ಬರೀ ಕಸ ಬಂದರೆ ನಮ್ಮ ಹಣೆಬರಹ. ಪಾಳಿ ಮುರಿಯುವ ಹಾಗಿಲ್ಲ. ಮೀನನ್ನು ಮರಳಿನ ಮೇಲೆ ಗುಡ್ಡೆ ಗುಡ್ಡೆ ಹಾಕುತ್ತಾರೆ, ಎಲ್ಲರ ಎದುರೇ. ಒಂದು ಗುಡ್ಡೆಯಲ್ಲಿ ಎರಡು ತಾರ್ಲೆ ಮೀನು ಕಡಿಮೆ ಕಂಡರೂ ಹೆಂಗಸರು ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಲ್ಲುತ್ತಾರೆ. ಅಬ್ಬಬ್ಬಾ, ಆ ಜಗಳ! ಹಗ್ಗ ಎಳೆಯಲಾರದವರ ಮನೆಗೂ ಒಂದೊಂದು ಗುಡ್ಡೆ ತೆಗೆದಿಡುತ್ತಾರೆ. ಗಂಡ ಸತ್ತವಳ ಮನೆಗೆ, ಹಾಸಿಗೆ ಹಿಡಿದವರ ಮನೆಗೆ. ಇದನ್ನು ನಾನು ಗೇಲಿ ಮಾಡುವವಳಲ್ಲ. ನಾನೂ ಅದೇ ಮೀನು ತಿಂದು ಬೆಳೆದವಳು.

ಹೀಗೆ ತೆಗೆದಿಟ್ಟ ಪಾಲು ಹೋಗುತ್ತಿದ್ದ ಮನೆಗಳಲ್ಲಿ ಒಂದು ನಮ್ಮ ಪಕ್ಕದ ಮನೆ. ಆ ಮನೆಯ ಮಗಳಿಗೆ ಚಿಕ್ಕಂದಿನಿಂದಲೂ ಒಂದು ಕಾಲು ಸರಿಯಿಲ್ಲ. ಕೋಲು ಹಿಡಿದು ನಡೆಯುತ್ತಾಳೆ. ಅಪ್ಪ ಇಲ್ಲ. ಓದಿನಲ್ಲಿ ಚುರುಕು, ಬಾಯಿಯಲ್ಲಿ ಅದಕ್ಕಿಂತ ಚುರುಕು. ಚಿಕ್ಕಮ್ಮನನ್ನು ಕರೆಯುವ ಹಾಗೆ ನನ್ನನ್ನು ಮಾವಶಿ ಎಂದು ಕರೆಯುತ್ತಾಳೆ, ನನ್ನ ಸೀರೆಯಿಂದ ಹಿಡಿದು ಸಾರಿನವರೆಗೆ ಎಲ್ಲಕ್ಕೂ ಏನಾದರೊಂದು ಅನ್ನುತ್ತಾಳೆ. ಅವಳಿಗೆ ಬಿಣಗಾದಲ್ಲಿ, ಅಲ್ಲಿಯ ಕೆಮಿಕಲ್ ಫ್ಯಾಕ್ಟರಿಯ ಕಾರ್ಮಿಕರ ಮನೆಗಳ ಹತ್ತಿರ, ಒಂದು ಜೆರಾಕ್ಸ್ ಅಂಗಡಿಯಲ್ಲಿ ಕಂಪ್ಯೂಟರ್ ಮುಂದೆ ಕೂರುವ ಕೆಲಸ ಸಿಕ್ಕಿತ್ತು. ಮೊದಲ ಸಂಬಳದಲ್ಲಿ ಅಮ್ಮನಿಗೆ ಮಿಕ್ಸಿ ತಂದಳು. ಅಣ್ಣ ಕಾರವಾರದ ಗ್ಯಾರೇಜಿಗೆ ಹೋಗುವಾಗ ಬೈಕಿನಲ್ಲಿ ಅವಳನ್ನು ಬಿಟ್ಟು, ಬರುವಾಗ ಕರೆತರುತ್ತಿದ್ದ.

ಆಮೇಲೆ ಒಂದು ಬೇಸಿಗೆಯಲ್ಲಿ ಅಣ್ಣ ಗ್ಯಾರೇಜು ಬಿಡುವುದೆಂದು ನಿಶ್ಚಯವಾಯಿತು. ಬೈತಖೋಲದ ಒಂದು ಟ್ರಾಲರ್ ಬೋಟಿನಲ್ಲಿ ಅವನಿಗೆ ಕೆಲಸ ಗೊತ್ತಾಗಿತ್ತು. ಮಳೆಗಾಲದ ಮೀನುಗಾರಿಕೆ ಬಂದ್ ಮುಗಿದು ಬೋಟುಗಳು ಹೊರಡುವ ದಿನದಿಂದ ಅವನು ಸಮುದ್ರದ ಮೇಲೆ. ಮತ್ತೆ ಇವಳು ಹೆದ್ದಾರಿಯಲ್ಲಿ ನಿಂತು ಬಸ್ಸಿಗೆ ಕೈ ಮಾಡಬೇಕು. ನಮ್ಮ ಸ್ಟಾಪಿನಲ್ಲಿ ಬಸ್ಸು ನಿಂತರೂ ನಿಂತ ಹಾಗಲ್ಲ. ಮೆಟ್ಟಿಲು ಎತ್ತರ. ಕೋಲು ಮೇಲಿಟ್ಟು ಕಾಲು ಎತ್ತುವುದರೊಳಗೆ ಕಂಡಕ್ಟರ್ ಸೀಟಿ ಊದುತ್ತಾನೆ.

ಅದೇ ಬೇಸಿಗೆಯಲ್ಲಿ ಪಂಚಾಯತಿಯಲ್ಲಿ ಒಂದು ಠರಾವು ಆಯಿತು. ಅಂಗವಿಕಲರಿಗೆಂದು ತೆಗೆದಿಡುವ ದುಡ್ಡು ವರ್ಷವರ್ಷ ಸ್ವಲ್ಪ ಸ್ವಲ್ಪ ಉಳಿದು ಒಟ್ಟಾಗಿತ್ತು. ಅದರಲ್ಲಿ ಒಂದು ಮೂರು ಗಾಲಿಯ ಸ್ಕೂಟಿ ತರುವುದು, ನಮ್ಮ ವಾರ್ಡಿಗೆ ಕೊಡುವುದು, ಯಾರಿಗೆ ಎಂಬುದನ್ನು ವಾರ್ಡು ಸಭೆ ಆರಿಸುವುದು. ನಾನು ಆ ದಿನ ಖುಷಿಯಿಂದ ಮನೆಗೆ ಬಂದು, ಪಕ್ಕದ ಮನೆಯ ಬೇಲಿಯ ಮೇಲಿಂದಲೇ ಕೂಗಿ ಹೇಳಿದೆ. ಹುಡುಗಿ, “ಬಣ್ಣ ಯಾವ್ದು ಮಾವಶಿ? ಕೆಂಪು ತರೂಕೆ ಹೇಳಿ” ಎಂದಳು.

ಸಭೆಯ ಹಿಂದಿನ ದಿನ ಕಾಕಾ ಬಂದರು. ಬಂದವರು ಮಳೆ, ಬಿಸಿಲು, ನನ್ನ ಮೊಣಕಾಲು ಎಲ್ಲ ವಿಚಾರಿಸಿ ಕೊನೆಗೆ, “ಸ್ಕೂಟಿ ಈ ಸಲ ಅಳಿವೆ ಕೇರೀಗೆ” ಎಂದರು.

ಹೊಳೆ ಸಮುದ್ರಕ್ಕೆ ಸೇರುವಲ್ಲಿ ಇರುವುದು ಅಳಿವೆ ಕೇರಿ. ಹಿಂದಿನ ಸಲ ಬಂದ ಸರ್ಕಾರಿ ಮನೆ ನಮ್ಮ ಕೇರಿಗೆ ಹೋಗಿತ್ತು, ಅದಕ್ಕಿಂತ ಮೊದಲು ಬಂದ ಹೊಲಿಗೆ ಮಷಿನ್ನು ದೇವಸ್ಥಾನದ ಕೇರಿಗೆ. ಈಗ ಅವರ ಪಾಳಿ. ಅಳಿವೆ ಕೇರಿಯಲ್ಲಿ ಒಬ್ಬರು ಬೋಟಿನ ಕೆಲಸದ ಖಲಾಶಿಯಾಗಿದ್ದವರು, ಬೋಟಿನಲ್ಲಿ ಬಿದ್ದು ಮೊಣಕಾಲು ಮಡಚಲಾಗದ ಹಾಗೆ ಆಗಿದೆ. ಅವರಿಗೂ ಸರ್ಟಿಫಿಕೇಟ್ ಇದೆ. ಸುಳ್ಳಿನದಲ್ಲ.

“ಕಾಕಾ, ಅವರು ಮನೆ ಬಿಟ್ಟು ಎಲ್ಲಿಗೆ ಹೋಗ್ತರು? ಚಹಾ ಅಂಗಡಿ ಮನೆ ಎದುರೇ ಉಂಟು. ಈ ಹುಡಗಿ ದುಡಿಯೂಕೆ ಹೋಗಬೇಕು. ಮತ್ತೆ ಇದು ಪಾಳಿ ಮೇಲೆ ಕೊಡೂದಲ್ಲ. ಯಾರಿಗೆ ಜಾಸ್ತಿ ಅಗತ್ಯ ಅಂತ ನೋಡಬೇಕು, ರೂಲು ಹಂಗೆ ಉಂಟು.”

“ರೂಲು ಮಾಡಿದವ್ರು ಇಲ್ಲಿ ಬಂದು ಬಲೆ ಎಳೀತರಾ?” ಕಾಕಾ ಸಿಟ್ಟಿಲ್ಲದೆಯೇ ಕೇಳಿದರು. “ಅಗತ್ಯ ಅಂತ ಶುರು ಮಾಡಿದ್ರೆ ಯಾರಿಗಿಲ್ಲ ಅಗತ್ಯ? ಒಬ್ಬರ ಕಷ್ಟ ಇನ್ನೊಬ್ಬರ ಕಷ್ಟಕ್ಕಿಂತ ದೊಡ್ದು ಅಂತ ನಾ ಹೇಳೂದಾ, ನೀ ಹೇಳೂದಾ? ಆಮೇಲೆ ದಂಡೇಲಿ ಮುಖ ನೋಡೂದು ಬೇಡ್ವಾ? ಪಾಳಿ ಅಂದ್ರೆ ಯಾರೂ ಮಾತಾಡೂಕಿಲ್ಲ.”

ಅದೇ ನನ್ನ ಹೊಟ್ಟೆ ಉರಿಸಿದ್ದು. ಯಾರೂ ಮಾತಾಡದಿರುವುದೇ ನ್ಯಾಯ ಎಂದು ಅವರು ನಿಜವಾಗಿ ನಂಬಿದ್ದರು. ಮೋಸಗಾರನಾದರೆ ಹಿಡಿದು ಜಗಳ ಆಡಬಹುದು. ಕಾಕಾ ಜೀವಮಾನದಲ್ಲಿ ಇನ್ನೊಬ್ಬರ ಒಂದು ತಾರ್ಲೆ ತಿಂದವರಲ್ಲ.

ಕಾಕಾ ಎದ್ದು ಹೋದ ಮೇಲೆ ನಾನು ನೇರ ಅಳಿವೆ ಕೇರಿಗೆ, ಆ ಖಲಾಶಿಯವರ ಮನೆಗೇ ಹೋದೆ. ಅವರು ಕಾಲು ನೀಡಿಕೊಂಡು ಬಲೆಯ ಹರಕು ಹೆಣೆಯುತ್ತಿದ್ದರು.

“ನಂಗೆ ಸೈಕಲ್ಲೂ ಬರೂದಿಲ್ಲ ಬಾಯೀ” ಎಂದರು. “ಆ ಸ್ಕೂಟಿ ನೋಡಿದ್ರೇ ಹೆದರಿಕೆ ನಂಗೆ.”

“ಹಂಗಾದ್ರೆ ನಾಳೆ ಸಭೆಲಿ ಬೇಡ ಅಂತ ಒಂದು ಮಾತು ಹೇಳಿ. ಆ ಹುಡಗೀಗೆ ಹೋಗ್ತದೆ.”

ಅವರು ಸೂಜಿ ಕೆಳಗಿಟ್ಟರು. “ಪಾಳಿ ನಂದಲ್ಲ, ಕೇರೀದು. ಬೇಡ ಅನ್ನೂಕೆ ನಾ ಯಾರು? ನಾಳೆ ನನ್ನ ಹೆಣ ಎತ್ತೂಕೆ ಇವರೇ ಬರಬೇಕು.”

ಅವರ ಹೆಂಡತಿ ಚಹಾ ತಂದಿಟ್ಟಳು. ಕುಡಿದು ಬಂದೆ, ಇನ್ನೇನು ಮಾಡುವುದು!

ಸಭೆಗೆ ಎಂದಿಲ್ಲದಷ್ಟು ಜನ ಬಂದಿದ್ದರು. ಪಂಚಾಯತಿ ಅಧಿಕಾರಿ ಪಿಡಿಓ ಒಂದು ಬದಿಗೆ, ನಾನು ಮಧ್ಯದಲ್ಲಿ. ಹುಡುಗಿ ಅಮ್ಮನ ಜೊತೆ ಮುಂದೆಯೇ ಕೂತಿದ್ದಳು, ಕೋಲು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು. ಹಿಂದಿನ ರಾತ್ರಿ ನಾನೇ ಅವಳಿಗೆ ಹೇಳಿದ್ದೆ, ನೀನೇ ಎದ್ದು ಕೇಳು, ಇದು ನಿನ್ನ ಹಕ್ಕು ಎಂದು. ಅಳಿವೆ ಕೇರಿಯ ಖಲಾಶಿಯವರ ಹೆಸರು ಓದಿಯಾದ ಮೇಲೆ ಕೇಳಿದೆ, “ಯಾರದ್ದಾದರೂ ತಕರಾರು ಇದೆಯಾ?” ಫ್ಯಾನು ಕಟಕಟ ಅಂದಿತು. ಅವಳ ಮುಖವನ್ನೇ ನೋಡುತ್ತ ಇನ್ನೊಮ್ಮೆ ಕೇಳಿದೆ. ಅವಳ ತುಟಿ ಅಲುಗಿದ್ದು ಕಂಡಿತು. ಅವಳ ಅಮ್ಮ, ಪ್ರತಿ ಬಲೆಗೂ ಮನೆಬಾಗಿಲಿಗೆ ಪಾಲಿನ ಮೀನು ಬರುವ ಆ ಅಮ್ಮ, ಮಗಳ ಕೈಯನ್ನು ಒತ್ತಿ ಹಿಡಿದಳು. ಹುಡುಗಿ ತಲೆ ತಗ್ಗಿಸಿದಳು.

ನಾನು ಸುಮ್ಮನಿರಲಿಲ್ಲ. “ನನ್ನ ಅಭಿಪ್ರಾಯ ಬೇರೆ ಉಂಟು” ಎಂದೆ. ಕೆಲಸಕ್ಕೆ ಹೋಗುವ ಹುಡುಗಿಗೆ ಕೊಡಬೇಕು, ಅಣ್ಣ ಬೋಟಿಗೆ ಹೋದ ಮೇಲೆ ಅವಳ ಕೆಲಸ ಉಳಿಯುವುದಿಲ್ಲ ಎಂದು ಬಿಡಿಸಿ ಹೇಳಿದೆ. ಹಿಂದಿನಿಂದ ಒಬ್ಬ, ಕುಚೋದ್ಯದಲ್ಲೇ ಆದರೂ ಪ್ರೀತಿಯಿಂದಲೇ, “ನಿಮ್ಮ ಕೇರಿ ಹುಡಗಿ ಅಲ್ವಾ ಬಾಯೀ, ನೀವು ಹಂಗೇ ಹೇಳ್ತರಿ” ಎಂದ. ಎಲ್ಲರೂ ನಕ್ಕರು. ಕಾಕಾರೂ ನಕ್ಕರು. ಅಲ್ಲಿಗೆ ನನ್ನ ಮಾತು ಸತ್ತಿತು. ಪಾಳಿಯಿಂದ ಬಂದವಳು ಪಾಳಿ ತಪ್ಪೆಂದರೆ ಅದೂ ನನ್ನ ಕೇರಿಯ ಮಾತೇ. ಕಾರವಾರದ ಆ ಹಳೆಯ ಸಾಹೇಬನಿಗಾದರೆ ಕೇರಿ ಇರಲಿಲ್ಲ, ನನಗೆ ಇತ್ತು.

ಕೈಗಳು ಎದ್ದವು. ಹುಡುಗಿಯ ಅಮ್ಮನ ಕೈಯೂ ಎದ್ದಿತು.

ಹೊರಗೆ ಬಂದ ಮೇಲೆ ಪಿಡಿಓ, “ಎಲ್ಲರೂ ಒಪ್ಪಿದಾರಲ್ಲ ಮೇಡಂ, ಇದಕ್ಕಿಂತ ಹೆಚ್ಚಿನ ಪ್ರಜಾಪ್ರಭುತ್ವ ಬೇಕಾ?” ಎಂದರು. ಬೇರೆ ಊರುಗಳಲ್ಲಿ ಕುರ್ಚಿ ಹಾರುವುದನ್ನು ನೋಡಿದವರು, ಅವರಿಗೆ ನಮ್ಮ ಊರು ಸ್ವರ್ಗ. ತಾಲೂಕು ಕಚೇರಿಯವರೆಗೂ ಒಮ್ಮೆ ಹೋಗಿ ಕೇಳಿ ಬಂದೆ. ವಾರ್ಡು ಸಭೆಯ ಸರ್ವಾನುಮತ ಇದೆಯಲ್ಲ, ನಾವು ಅದರಲ್ಲಿ ಕೈ ಹಾಕುವುದಿಲ್ಲ, ಈಗ ಅಧಿಕಾರ ಎಲ್ಲ ನಿಮ್ಮದೇ ಎಂದು ಬಹಳ ಗೌರವದಿಂದ ಹೇಳಿ ಕಳಿಸಿದರು.

ಸ್ಕೂಟಿ ಮಳೆಗಾಲದಲ್ಲಿ ಬಂತು. ಕೆಂಪು ಬಣ್ಣದ್ದೇ. ಖಲಾಶಿಯವರು ಒಂದು ದಿನ ಅದರ ಮೇಲೆ ಕೂತು ಫೋಟೋ ತೆಗೆಸಿಕೊಂಡರು, ಮತ್ತೆ ಹತ್ತಲಿಲ್ಲ. ಬೋಟುಗಳು ಹೊರಟವು, ಅಣ್ಣ ಹೋದ. ಹುಡುಗಿ ಕೆಲವು ದಿನ ಬಸ್ಸಿಗೆ ಗುದ್ದಾಡಿದಳು. ದಿನಾ ತಡ. ಒಂದು ದಿನ ಮೆಟ್ಟಿಲಿನಿಂದ ಜಾರಿ ಮೊಣಕೈ ತರಚಿಕೊಂಡು ಬಂದಳು. ಅಂಗಡಿಯವನು ಒಳ್ಳೆಯವನೇ, ಆದರೆ ಕಂಪ್ಯೂಟರ್ ಮುಂದೆ ಕೂರುವವರೇ ಇಲ್ಲದೆ ಎಷ್ಟು ದಿನ ಕಾದಾನು? ಬೇರೊಬ್ಬರನ್ನು ಇಟ್ಟುಕೊಂಡ. ಅವಳು ಮನೆಯಲ್ಲಿ ಕೂತಳು. ನನ್ನ ಸಾರಿಗೆ ಹೆಸರಿಡುವುದನ್ನೂ ನಿಲ್ಲಿಸಿದಳು.

ಆ ಸ್ಕೂಟಿಯನ್ನು ಖಲಾಶಿಯವರ ತಮ್ಮ ಓಡಿಸತೊಡಗಿದ. ಹಿಂದೆ ಮೀನಿನ ಬುಟ್ಟಿ ಕಟ್ಟಿಕೊಂಡು ಬೆಳಿಗ್ಗೆ ಬೆಳಿಗ್ಗೆ ಅಂಕೋಲೆ ಪೇಟೆಗೆ. ನಮ್ಮ ಮನೆಯ ಮುಂದೆಯೇ ಹೋಗಬೇಕು, ಬೇರೆ ದಾರಿಯಿಲ್ಲ. ಊರಿಗೆಲ್ಲ ಕಾಣುತ್ತಿತ್ತು. ಜನರೇ ಕಾವಲುಗಾರರು ಎಂದು ಬೋರ್ಡಿನ ಮೇಲೆ ಬರೆದವರನ್ನು ಒಮ್ಮೆ ಕರೆತಂದು ನನ್ನ ಜಗಲಿಯಲ್ಲಿ ಕೂರಿಸಬೇಕು ಅನ್ನಿಸುತ್ತಿತ್ತು. ಕಾಣುವುದಕ್ಕೇನೂ ಕೊರತೆಯಿಲ್ಲ ಮಾರಾಯರೇ, ನಮ್ಮ ಊರಲ್ಲಿ ಯಾರ ಮನೆಯಲ್ಲಿ ಏನು ಸಾರು ಎಂಬುದೂ ಎಲ್ಲರಿಗೂ ಗೊತ್ತು. ಗೊತ್ತಿದ್ದದ್ದನ್ನು ಅವರ ಮುಖದ ಮೇಲೆ ಹೇಳಿ, ಮರುದಿನ ಅವರ ಜೊತೆಗೇ ಹಗ್ಗ ಹಿಡಿಯುವುದು ಹೇಗೆ?

ಮಳೆ ನಿಂತು ಸಮುದ್ರ ಶಾಂತವಾದ ಮೇಲೆ ಏಂಡಿ ಬಲೆ ಶುರುವಾಯಿತು. ಮೊದಲ ಬಲೆಗೇ ಬಂಗಡೆ ಬಿತ್ತು, ಒಳ್ಳೆ ಕೊಬ್ಬಿದ ಬಂಗಡೆ. ರೂಢಿಯಂತೆ ಪಕ್ಕದ ಮನೆಗೆ ಪಾಲು ಬಂತು. ಅವಳ ಅಮ್ಮ ಪಾತ್ರೆ ತರಲು ಒಳಗೆ ಹೋದಳು. ಅಷ್ಟರಲ್ಲಿ ಹುಡುಗಿ ಆ ಬುಟ್ಟಿಯನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದರಲ್ಲಿ ಕೋಲು ಊರುತ್ತ, ದಂಡೆಯ ಕಡೆ ಹೊರಟಳು. ಮರಳಿನಲ್ಲಿ ಕೋಲು ಹೂತು ಹೋಗುತ್ತದೆ. ನಾನು ಹಿಂದೆಯೇ ಓಡಿದೆ, “ಬಿದ್ದೀಯೇ ಹುಡಗೀ, ಎಲ್ಲಿಗೆ?” ಎನ್ನುತ್ತ. ಅವಳು ತಿರುಗಲಿಲ್ಲ. ಪಾಲು ಹಾಕುತ್ತಿದ್ದ ಜಾಗಕ್ಕೆ ಹೋಗಿ ಬುಟ್ಟಿಯನ್ನು ಕಾಕಾರ ಕಾಲ ಬಳಿ ಇಟ್ಟಳು.

“ನಂಗೆ ಪಾಲು ಬೇಡ ಅಜ್ಜಾ.”

ನಮ್ಮಲ್ಲಿ ಪಾಲು ಕಡಿಮೆಯಾಯಿತೆಂದು ಹೊಡೆದಾಡಿದವರಿದ್ದಾರೆ, ಬೇಡ ಎಂದವರನ್ನು ನಾನು ಕಂಡಿಲ್ಲ. ಪಾಲು ಬೇಡ ಎಂದರೆ ನೀವು ನನ್ನವರಲ್ಲ ಎಂದ ಹಾಗೆ.

“ಎಂತಾ ಆಯ್ತೇ? ಕಡಿಮೆ ಬಂತಾ?” ಕಾಕಾ ಬೆದರಿದವರ ಹಾಗೆ ಕೇಳಿದರು. “ಯಾರು ಎಂತ ಅಂದ್ರು ನಿಂಗೆ?”

“ಯಾರೂ ಎಂತ ಅನ್ನಲಿಲ್ಲ. ಅದೇ ತಾಪತ್ರಯ.” ಅವಳಿಗೆ ಏದುಸಿರು. “ಸಭೆಲಿ ಮಾವಶಿ ತಕರಾರು ಇದೆಯಾ ಕೇಳ್ದಾಗ ನಂಗೆ ಬಾಯೇ ಬರಲಿಲ್ಲ ಅಜ್ಜಾ. ನಿಮ್ಮ ಮೀನು ತಿಂದ ಬಾಯಿ. ಇನ್ನು ತಿನ್ನೂದಿಲ್ಲ. ಮುಂದಿನ ಸಲಕ್ಕಾದ್ರೂ ಮಾತು ಬರಲಿ.”

“ಮುಂದೆ ನಿಮ್ಮ ಕೇರಿ ಪಾಳಿ ಬತ್ತದೆ. ಆವಾಗ ನಿಂಗೇ ಮೊದಲು. ನಾನೇ ನಿಂತು ಕೊಡಸ್ತೆ.”

“ಆವಾಗ ಯಾರ ಅಂಗಡಿಗೆ ಹೋಗಲಿ ಅಜ್ಜಾ?”

ಕಾಕಾ ಬುಟ್ಟಿಯನ್ನು ಅವಳ ಕಡೆಗೆ ಸರಿಸಿದರು. ಸ್ವಲ್ಪ ದೂರದಲ್ಲಿ ಖಲಾಶಿಯವರ ತಮ್ಮ ಕೆಂಪು ಸ್ಕೂಟಿಗೆ ಬುಟ್ಟಿ ಕಟ್ಟುತ್ತಿದ್ದವನು ಹಗ್ಗ ಹಿಡಿದುಕೊಂಡೇ ನಿಂತುಬಿಟ್ಟ. ಹುಡುಗಿ ತಿರುಗಿ ನಡೆದಳು. ಕೈ ಹಿಡಿಯಲು ಹೋದ ನನ್ನನ್ನೂ ದೂಡಿದಳು. ನಾನು ಅಲ್ಲೇ ನಿಂತು ಅತ್ತೆ, ಅಷ್ಟು ಜನರ ಎದುರು, ನಾಚಿಕೆ ಬಿಟ್ಟು ಅತ್ತೆ.

ನನ್ನ ಅವಧಿ ಮುಗಿದಿದೆ. ಮುಂದಿನ ಸೀಟು ಯಾರಿಗೆ ಬರುತ್ತದೋ, ಪಾಳಿ ಯಾವ ಕೇರಿಯದೋ, ನಾನು ವಿಚಾರಿಸಲು ಹೋಗಿಲ್ಲ. ಮೊನ್ನೆ ಮತ್ತೆ ಬಲೆ ಎಳೆದರು. ಮೊಣಕಾಲು ನೋವಿದ್ದರೂ ದಂಡೆಗೆ ಹೋಗಿದ್ದೆ. ಎಲ್ಲರೂ ಪಾಲು ಎತ್ತಿಕೊಂಡು ಹೋಗಿಯಾಗಿತ್ತು. ಒಂದು ಗುಡ್ಡೆ ಮಾತ್ರ ಹಾಗೇ ಇತ್ತು. ಅವಳು ಬೇಡ ಎಂದಂದಿನಿಂದ ಪ್ರತಿ ಬಲೆಗೂ ಹೀಗೇ ಅವಳದೊಂದು ಗುಡ್ಡೆ ಹಾಕುತ್ತಾರೆ, ಯಾರೂ ಎತ್ತುವುದಿಲ್ಲ, ಕಡಿಮೆಯನ್ನೂ ಮಾಡುವುದಿಲ್ಲ. ಅದರ ಪಕ್ಕದಲ್ಲಿ ಕಾಕಾ ಒಂದು ಕೋಲು ಹಿಡಿದು ಕುಕ್ಕರುಗಾಲಿನಲ್ಲಿ ಕೂತಿದ್ದರು, ಹದ್ದು ಕಾಗೆ ಓಡಿಸುತ್ತ. ಬಿಸಿಲು ಏರಿತ್ತು. ಮೀನಿನ ಕಣ್ಣು ಬೆಳ್ಳಗಾಗತೊಡಗಿತ್ತು.

“ತಂಗೀ” ಎಂದು ಕರೆದರು. “ಇವತ್ತಾದ್ರೂ ತಕಂಡು ಹೋಗ್ತಾಳಾ ಕೇಳಿ ಬತ್ಯಾ?”

“ನಂಗೆ ಕೇಳಿ ಕೇಳಿ ಸಾಕಾಯ್ತು ಕಾಕಾ” ಎಂದೆ. “ನೀವೇ ಹೋಗಿ ಕೇಳಿ.”

ಅವರು ನಮ್ಮ ಕೇರಿಯ ಕಡೆ ಒಮ್ಮೆ ನೋಡಿದರು. ಏಳಲಿಲ್ಲ. ಹದ್ದೊಂದು ತೀರ ಕೆಳಗೆ ಬಂದಿತ್ತು, ಕೋಲು ಎತ್ತಿ ಬೀಸಿದರು.